ಗಡ್ಡದಷ್ಟು ಜಾಗ

ನನ್ನ ಗಂಡ ಕ್ಷೌರಿಕ. ದಿನವಿಡೀ ಊರವರ ಗಡ್ಡ ಬೋಳಿಸುವ ಈ ಮನುಷ್ಯ ತನ್ನ ಗಡ್ಡಕ್ಕೆ ಮಾತ್ರ ಕತ್ತರಿ ತಾಗಿಸುವುದಷ್ಟೇ, ರೇಜರ್ ಮುಟ್ಟಿಸುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅದರ ಕೆಳಗಿನ ಮುಖ ಹೇಗಿದೆ ಎಂದು ನನಗೇ ಗೊತ್ತಿರಲಿಲ್ಲ.

ರೇಡಿಯೇಷನ್ ಶುರುವಾಗುವ ದಿನ ಬೆಳಿಗ್ಗೆ ಬಚ್ಚಲಿನಿಂದ ಯಾರೋ ಹೊರಗೆ ಬಂದರು.

"ಅಯ್ಯೋ, ಯಾರ್ರೀ ನೀವು?"

"ಹೇಗಿದೆ? ಹುಡುಗನ ಹಾಗೆ ಕಾಣ್ತೀನಲ್ಲ?" ಎಂದರು ಇವರು, ಬೋಳಿಸಿದ ಗಲ್ಲ ಸವರುತ್ತ, ಒಡೆದ ದನಿಯಲ್ಲಿ. ದನಿ ಒಡೆದದ್ದರಿಂದಲೇ ಗಂಟಲಿನ ಕ್ಯಾನ್ಸರ್ ಪತ್ತೆಯಾದದ್ದು.

ನನಗೆ ನಗು ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಹಿಂದಿನ ವಾರ ಆಸ್ಪತ್ರೆಯಲ್ಲಿ ಇವರ ಅಳತೆಗೆ ಒಂದು ಮಾಸ್ಕ್ ಮಾಡಿದ್ದರು. ಕಿರಣ ಬಿಡುವಾಗ ತಲೆ ಅಲುಗಾಡದಂತೆ ಮೇಜಿಗೆ ಬಿಗಿಯುವ ಪ್ಲಾಸ್ಟಿಕ್ ಬಲೆ ಅದು. ಬಿಸಿನೀರಲ್ಲಿ ಮೆತ್ತಗಾದ ಹಾಳೆಯನ್ನು ಮುಖಕ್ಕೆ ಒತ್ತಿ, ಗಡ್ಡದ ಸಮೇತ ಅಚ್ಚು ತೆಗೆದಿದ್ದರು. "ಎಲ್ಲಾ ಮುಗಿಯೋವರೆಗೂ ಮುಖ ಹೀಗೇ ಇರ್ಲಿ" ಎಂದು ನರ್ಸ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು.

"ಮಾಸ್ಕ್ ಸಡಿಲ ಆಗಲ್ವೇನ್ರೀ?"

"ಏನಾಗಲ್ಲ. ನೀನು ಡಾಕ್ಟರ್ ಮುಂದೆ ಬಾಯಿ ಬಿಡಬೇಡ. ಆಮೇಲೆ ಇವತ್ತಿನದು ಮುಂದಕ್ಕೆ ಹೋಗುತ್ತೆ."

ಆ ಮಾತಿಗೆ ನಾನು ತೆಪ್ಪಗಾದೆ. ಈ ದಿನಕ್ಕಾಗಿ ಕಾದು ಕಾದು ಸಾಕಾಗಿತ್ತು. ಬಸ್ಸಿನಲ್ಲಿ ಕಣ್ಣು ಮಾತ್ರ ಅವರ ಗಲ್ಲಕ್ಕೇ ಹೋಗುತ್ತಿತ್ತು. ಅಲ್ಲೊಂದು ಪುಟ್ಟ ಗುಳಿ! ಇದನ್ನು ನನ್ನಿಂದಲೇ ಮುಚ್ಚಿಟ್ಟಿದ್ದರಲ್ಲ, ಕಳ್ಳ. ಮುದ್ದು ಬಂತು. ಮುದ್ದಿನ ಹಿಂದೆಯೇ ಭಯವೂ ಬಂತು. ಮಾಸ್ಕ್ ಜಾರಿ ಕಿರಣ ಬೇರೆಲ್ಲೋ ಬಿದ್ದರೆ?

ಆಸ್ಪತ್ರೆ ತಲುಪುವಷ್ಟರಲ್ಲಿ ಇವರು ಮಫ್ಲರನ್ನು ಬಾಯಿಯವರೆಗೂ ಸುತ್ತಿಕೊಂಡಿದ್ದರು. ಡಾಕ್ಟರಮ್ಮ ಫೈಲಿನಿಂದ ತಲೆಯೆತ್ತಿ, "ಏನಾದ್ರೂ ಕೇಳೋದಿದೆಯಾ?" ಎಂದರು.

"ಏನೂ ಇಲ್ಲ" ಎಂದ ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

"ಇದೆ ಡಾಕ್ಟ್ರೇ" ಎಂದು ನಾನು ಮಫ್ಲರ್ ಎಳೆದುಬಿಟ್ಟೆ. "ಮುಖ ಹೀಗಾಗಿದೆ. ಹಳೇ ಮಾಸ್ಕೇ ನಡೆಯುತ್ತಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಖಂಡಿತ ಇಲ್ಲ. ಒಳ್ಳೇದಾಯ್ತು ಹೇಳಿದ್ದು. ಯಾಕೆ ತೆಗೆದ್ರಿ?"

ಇವರು ನೆಲ ನೋಡುತ್ತ ಕೂತರು. "ಅವತ್ತು ಅದನ್ನ ಬಿಗಿದಾಗ ಉಸಿರೇ ನಿಂತ ಹಾಗಾಯ್ತು. ಸತ್ತೇ ಹೋದೆ ಅಂದ್ಕೊಂಡೆ. ಗಡ್ಡ ತೆಗೆದ್ರೆ ಒಳಗೆ ಅಷ್ಟಾದ್ರೂ ಜಾಗ ಸಿಗುತ್ತಲ್ಲ ಅಂತ..."

ಶೋಕಿ ಎಂದುಕೊಂಡಿದ್ದೆ ನಾನು.

"ನಂಗೆ ಹೇಳೋಕೇನಾಗಿತ್ತು?"

"ನೀನು ಹೆದರ್ಕೋತೀಯ ಅಂತ."

"ನಾನಾ? ಬೆಳಿಗ್ಗೆ ಆ ಮುಖ ನೋಡಿಯೇ ಹೆದರಲಿಲ್ಲ ನಾನು!"

ಡಾಕ್ಟರಮ್ಮ ನಕ್ಕರು. ಹೊಸ ಮಾಸ್ಕ್ ಮಾಡಿ, ಇನ್ನೊಮ್ಮೆ ಸ್ಕ್ಯಾನ್ ತೆಗೆಯಬೇಕಂತೆ. ಮಾಸ್ಕನ್ನು ಕಣ್ಣು, ಬಾಯಿಯ ಹತ್ತಿರ ಕತ್ತರಿಸಿ ಕಿಂಡಿ ಬಿಡಬಹುದಂತೆ. ಭಯವಾದರೆ ಒತ್ತಲು ಕೈಗೊಂದು ಗಂಟೆ ಕೊಡುತ್ತಾರಂತೆ. "ಕೆಲವು ದಿನ ತಡವಾಗುತ್ತೆ. ಪರವಾಗಿಲ್ಲ, ಕಿರಣ ಸರಿಯಾದ ಜಾಗಕ್ಕೆ ಬೀಳೋದು ಮುಖ್ಯ" ಎಂದರು. ಇಷ್ಟಕ್ಕೆ ಈ ಮಹಾರಾಯರು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅಚ್ಚು ತೆಗೆಯುವಾಗ ನನ್ನನ್ನೂ ಒಳಗೆ ಬಿಟ್ಟರು. ಬಿಸಿ ಹಾಳೆ ಮುಖದ ಮೇಲೆ ಇಳಿಯುತ್ತಿದ್ದಂತೆ ನನ್ನ ಕೈಯಲ್ಲಿದ್ದ ಅವರ ಕೈ ನಡುಗತೊಡಗಿತು. ಎಷ್ಟೋ ಜನರ ಕತ್ತಿನ ಮೇಲೆ ರೇಜರ್ ಹಿಡಿದು ಒಮ್ಮೆಯೂ ನಡುಗದ ಕೈ. ನಾನು ಬಗ್ಗಿ, ಅಂಗಡಿಗೆ ಬರುವ ಮಕ್ಕಳಿಗೆ ಅವರು ಹೇಳುವುದನ್ನೇ ಅವರ ಕಿವಿಯಲ್ಲಿ ಹೇಳಿದೆ.

"ಅಲ್ಲಾಡಬೇಡ ಪುಟ್ಟಾ, ಕಿವಿ ಹೋಗುತ್ತೆ!"

ಅವರ ಹೊಟ್ಟೆ ಕುಲುಕಿತು.

"ಯಜಮಾನ್ರೇ, ನಗಬೇಡಿ. ಹಾಗೇ ಅಚ್ಚಾಗಿಬಿಡುತ್ತೆ" ಎಂದ ಟೆಕ್ನಿಷಿಯನ್.

ನಿಧಾನಕ್ಕೆ ಕೈಯ ನಡುಕ ನಿಂತಿತು. ಹಾಳೆ ಗಟ್ಟಿಯಾದ ಮೇಲೆ ಅದನ್ನು ಎತ್ತಿದರು. ಗಲ್ಲದ ಜಾಗದಲ್ಲಿ ಆ ಗುಳಿಯೂ ಮೂಡಿತ್ತು. ಇನ್ನೂ ಬೆಚ್ಚಗಿದ್ದ ಅದನ್ನು ನಾನು ಬೆರಳಿಂದ ಮುಟ್ಟಿ ನೋಡಿದೆ.

ಇವರು ಎದ್ದು ಕೂತು ನನ್ನನ್ನೇ ನೋಡಿದರು.

"ಈ ಸಲ ಉಸಿರಾಡೋಕಾಯ್ತು ಕಣೇ" ಎಂದರು.