ಹಾಲವ್ವನ ತೊಟ್ಟಿಲು

ಖಾಲಿ ತೊಟ್ಟಿಲು ತೂಗಬಾರದು ಎಂಬುದು ಸನಮಡಿಯ ಎಳೆಕೂಸಿಗೂ ಗೊತ್ತು. ತೂಗಿದರೆ ಮಕ್ಕಳಿಗೆ ಕೇಡು. ಯಾರೂ ಮಲಗದ ತೊಟ್ಟಿಲಲ್ಲಿ ಯಾರೋ ಬಂದು ಮಲಗುತ್ತಾರೆ. ಅಂಥಾದ್ದರಲ್ಲಿ ಊರ ಹೊರಗೆ, ಜಾಲಿಗಿಡಗಳ ಆಚೆ, ಹಾಲವ್ವನ ಮನೆಯಿಂದ ನಡುಮಧ್ಯಾಹ್ನದ ಬಿಸಿಲಲ್ಲಿ ತೊಟ್ಟಿಲ ಸಪ್ಪಳ ಕೇಳಿಬರುತ್ತಿತ್ತು. ಕಿರ್... ಕಿರ್... ಅದರ ಜೊತೆಗೆ ಸಣ್ಣ ದನಿಯ ಜೋಗುಳ.

ಹಾಲವ್ವ ಹೆತ್ತ ಮೂರು ಕೂಸುಗಳೂ ತಿಂಗಳು ತುಂಬುವ ಮೊದಲೇ ಮಣ್ಣು ಸೇರಿದ್ದವು. ಗಂಡ ಡಫಳಾಪುರದಲ್ಲಿ ಬೇರೆ ಸಂಸಾರ ಹೂಡಿ ಕೂತಿದ್ದ. ಹಾಲವ್ವನ ಒಂದು ಕಣ್ಣಿಗೆ ಹೂ ಬಿದ್ದಿತ್ತು, ಎಣ್ಣೆ ಕಾಣದ ತಲೆ, ಎಂಥ ಸೆಕೆಯಲ್ಲೂ ಹೆಗಲ ಮೇಲೊಂದು ಕರಿಕಂಬಳಿ. ಆಕೆ ಎದುರು ಬಂದರೆ ಬಸುರಿಯರು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು.

ಊರ ಸೂಲಗಿತ್ತಿ ಇಂದ್ರಾಬಾಯಿಗೆ ಇಂಥದರಲ್ಲಿ ನಂಬಿಕೆ ಇರಲಿಲ್ಲ. ಅಂದರೆ, ಇರಬಾರದಾಗಿತ್ತು. ಆಕೆಯ ಅಪ್ಪನ ಕಾಲಕ್ಕೇ ಮನೆಯವರೆಲ್ಲ ಯೇಸುಸ್ವಾಮಿಯ ಪಂಥಕ್ಕೆ ಸೇರಿದವರು. ಮಿಶನ್ ದವಾಖಾನೆಯಲ್ಲಿ ಬಾಣಂತನದ ಕೆಲಸ ಕಲಿತು ಬಂದ ಹೆಂಗಸು. ಯಾರಾದರೂ ದೆವ್ವದ ಮಾತು ತೆಗೆದರೆ, "ದೆವ್ವ ಹುಟ್ಟೂದು ಅಂಜಬುರುಕರ ಹೊಟ್ಟ್ಯಾಗ. ಅದರ ಬಾಣಂತನ ನಾ ಮಾಡಂಗಿಲ್ಲವಾ," ಎಂದು ನಗಿಸುತ್ತಿದ್ದಳು. ಆದರೆ ಮಧ್ಯಾಹ್ನ ಒಬ್ಬಳೇ ಮನೆಗೆ ಮರಳುವಾಗ ಆಕೆಯ ಕಾಲು ತಾನಾಗಿಯೇ ಹಳ್ಳದ ಸುತ್ತುದಾರಿ ಹಿಡಿಯುತ್ತಿತ್ತು. ಯಾಕೆಂದು ಯಾರೂ ಕೇಳಲಿಲ್ಲ. ಊರೆಲ್ಲ ಅದೇ ದಾರಿ ಹಿಡಿಯುತ್ತಿತ್ತಲ್ಲ.

ಕೊಯ್ನಾ ಭೂಕಂಪವಾದ ಮರುವರ್ಷದ ಮಾತಿದು. ಆ ಮಳೆಗಾಲಕ್ಕೆ ಇಂದ್ರಾಬಾಯಿಯ ಬಲಗೈ ಬೆರಳುಗಳಿಗೆ ಜೋಮು ಹಿಡಿಯತೊಡಗಿತ್ತು. ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಕುರಿಗಾರ ಧೂಳಪ್ಪನ ಸೊಸೆ ಹಣಮವ್ವನಿಗೆ ದಿನ ತುಂಬುತ್ತಿದ್ದವು. ಚೊಚ್ಚಲು, ಕೂಸು ಅಡ್ಡಾದಿಡ್ಡಿ ಹೊರಳುತ್ತಿತ್ತು. ಈ ಕೈಯಿಂದ ಅದನ್ನು ಹಿಡಿಯುವುದು ಹೇಗೆ ಎಂಬ ಒಂದೇ ಚಿಂತೆ ಇಂದ್ರಾಬಾಯಿಯನ್ನು ತಿನ್ನುತ್ತಿತ್ತು.

ರವಿವಾರದ ಪ್ರಾರ್ಥನೆ ಇಂದ್ರಾಬಾಯಿಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ನಾಲ್ಕಾರು ಮನೆಯ ಜನ ಕೂಡುತ್ತಿದ್ದರು. ಧೂಳಪ್ಪನ ಹೆಂಡತಿ ಯಮನವ್ವ ಕುರಿ ಕಾಯುವ ಬೀರದೇವರ ಭಕ್ತೆ. ಆದರೆ ಕಥೆ ಎಂದರೆ ಬಿಡುವವಳಲ್ಲ, ಬಂದು ಹೊಸ್ತಿಲಾಚೆ ಕೂಡುತ್ತಿದ್ದಳು. ಆ ದಿನದ ಕಥೆ, ದೇವರ ಮಾತಿನಂತೆ ಅರಸನನ್ನು ಆರಿಸಲು ಒಬ್ಬ ಮುದುಕ, ಅವನ ನೆತ್ತಿಗೆ ಎರೆಯುವ ಎಣ್ಣೆಯ ಕೊಂಬು ಹಿಡಿದು ಒಂದು ಮನೆಗೆ ಬಂದದ್ದು. ಆ ಮನೆಯ ಅಪ್ಪ ತನ್ನ ಎತ್ತರದ, ಚೆಲುವ ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿದ. ದೇವರು ಯಾರನ್ನೂ ಒಪ್ಪಲಿಲ್ಲ.

"ಆಗ ಆ ಮುದಕ ಕೇಳಿದ," ಇಂದ್ರಾಬಾಯಿ ದನಿ ತಗ್ಗಿಸಿದಳು, "ಎಲ್ಲಾರೂ ಬಂದ್ರೇನು? ಇನ್ನ ಯಾರರ ಉಳದಾರೇನು? ಉಳದಿದ್ದ ಒಬ್ಬಾಂವ. ಅಡವ್ಯಾಗ ಕುರಿ ಕಾಯಾಕ ಹೋಗಿದ್ದ. ಹಡದಪ್ಪಗ ಅವನ ನೆನಪೇ ಇರಲಿಲ್ಲ. ಮಂದಿ ಕಣ್ಣು ಮಾರಿ ನೋಡತೈತಿ, ದೇವರ ಕಣ್ಣು ಎದಿ ನೋಡತೈತಿ."

"ಕುರಿ ಕಾಯಾಂವನ್ನ ಅರಸನ್ನ ಮಾಡಿದ್ರ ಕುರಿ ಯಾರ ಕಾದ್ರಿ, ಬಾಯಾರ?" ಎಂದಳು ಯಮನವ್ವ. ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಇಂದ್ರಾಬಾಯಿಯ ಕೈಯಿಂದ ಚಹಾದ ಬಟ್ಟಲು ಜಾರಿ ಬಿತ್ತು. ಬಿಸಿ ಚಹಾ ಬೆರಳ ಮೇಲೆ ಹರಿದರೂ ಆಕೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಯಮನವ್ವನ ನಗು ನಿಂತಿತು. ಜನ ಹೋದ ಮೇಲೆ ಕೇಳಿದಳು: "ಖರೇ ಹೇಳ್ರಿ. ಆ ಕೈಯಾಗ ನನ್ನ ಮೊಮ್ಮಗ ಜಾರಿದ್ರ?"

ಇಂದ್ರಾಬಾಯಿ ಬಿದ್ದ ಬಟ್ಟಲನ್ನು ಎಡಗೈಯಿಂದ ಎತ್ತಿಟ್ಟಳು.

ಮರುದಿನ ಮಧ್ಯಾಹ್ನ ಆಕೆ ಹಣಮವ್ವನನ್ನು ನೋಡಿಕೊಂಡು ಬರುತ್ತಿದ್ದಳು. ಮಳೆ ಬಿಡುವು ಕೊಟ್ಟಿತ್ತು. ಬಿಸಿಲು ನೆತ್ತಿಯ ಮೇಲೆ. ಒಂದು ನೆರಳಿಲ್ಲ, ಒಂದು ಹಕ್ಕಿಯಿಲ್ಲ. ಸುತ್ತುದಾರಿಯ ಹಳ್ಳಕ್ಕೆ ಹೊಸ ನೀರು ಬಂದದ್ದರಿಂದ ಜಾಲಿಗಿಡಗಳ ದಾರಿಯೇ ಗತಿಯಾಯಿತು. ಕಿರ್... ಕಿರ್... ಸಪ್ಪಳ ಹತ್ತಿರವಾದ ಹಾಗೆ ಕೊರಳ ಹಿಂದೆ ತಣ್ಣಗಾಯಿತು. ಬಾಯಲ್ಲಿ ಪ್ರಾರ್ಥನೆ ಇತ್ತು. ಕಾಲು ಮಾತ್ರ ಓಟಕ್ಕೆ ಅಣಿಯಾಗಿತ್ತು. ಆಗ ಯಾರೋ ಬೆನ್ನ ಹಿಂದೆ ನಿಂತು ಕೇಳಿದ ಹಾಗೆ ಅವಳದೇ ಮಾತು ಅವಳಿಗೆ ಕೇಳಿಸಿತು: ಇನ್ನ ಯಾರರ ಉಳದಾರೇನು?

ಹೊರಳಿ ನೋಡಿದರೆ ಬಿಸಿಲು ಬಿಟ್ಟು ಮತ್ತೇನೂ ಇರಲಿಲ್ಲ. ಇಂದ್ರಾಬಾಯಿ ಬಾಗಿಲು ದೂಡಿದಳು.

ಒಳಗೆ ಕತ್ತಲೆ, ಉಣ್ಣೆಯ ವಾಸನೆ. ತೊಟ್ಟಿಲಲ್ಲಿ ಕಂಬಳಿಯ ತುಂಡಿನಲ್ಲಿ ಸುತ್ತಿದ ಏನೋ ಇತ್ತು. ಅದು ಮಿಸುಕಿತು. ಎರಡು ಕಣ್ಣು ಹೊಳೆದವು.

ಅದೊಂದು ಕುರಿಮರಿ.

ಹಾಲವ್ವ ಬಟ್ಟೆಯ ಬತ್ತಿಯನ್ನು ಆಡಿನ ಹಾಲಲ್ಲಿ ಅದ್ದಿ ಅದರ ಬಾಯಿಗಿಡುತ್ತಿದ್ದಳು. ಎದ್ದು ನಿಲ್ಲಲಿಲ್ಲ, "ಬರ್ರಿ ಬಾಯಾರ, ಕುಂದ್ರಿ," ಎಂದಳು, ದಿನಾಲೂ ಯಾರೋ ಬಂದು ಹೋಗುವ ಮನೆಯೆಂಬಂತೆ. "ಸದ್ದ ಮಾಡಬ್ಯಾಡ್ರಿ. ಅಮಸಿದ್ದಗ ಈಗ ಜೊಂಪು ಹತ್ತೈತಿ."

"ಯಾರಿಗೆ?"

"ಇಂವಗ. ನನ್ನ ಹಿರ್‍ಯಾ. ಒಲಿ ಮುಂದ ಮಲಗಿದಾಂವ ಬೀರದೇವ. ಆ ಸಣ್ಣದು ಚನ್ನವ್ವ, ನಿನ್ನೆ ಸಿಕ್ಕಾಳ."

ಮಣ್ಣು ಸೇರಿದ ಮೂರು ಕೂಸುಗಳ ಹೆಸರು. ಇಂದ್ರಾಬಾಯಿಯ ಮೈಮೇಲೆ ಮುಳ್ಳೆದ್ದವು. ಮಂದಿ ಹೇಳಿದ್ದೇ ಖರೆ, ಇವಳಿಗೆ ತಲೆ ನೆಟ್ಟಗಿಲ್ಲ, ಎದ್ದು ಹೋಗಬೇಕು ಅಂದುಕೊಂಡಳು. ಬಾಗಿಲ ಕಡೆ ತಿರುಗಿದವಳ ಕಣ್ಣು ಹಾಲವ್ವನ ಕೈ ಮೇಲೆ ಬಿತ್ತು. ಎಡಗೈ ಮರಿಯ ಕೊರಳ ಕೆಳಗಿತ್ತು. ತಲೆ ಜೋಲದಂತೆ, ಉಸಿರು ಕಟ್ಟದಂತೆ, ಎಳೆಗೂಸನ್ನು ಹಿಡಿಯುವ ಹಾಗೆ ಹಿಡಿದಿತ್ತು. ಆ ಕೈಗೆ ಅವಸರ ಇರಲಿಲ್ಲ, ನಡುಕ ಇರಲಿಲ್ಲ.

"ಈ ಮರಿಗಳನ್ನ ಎಲ್ಲಿಂದ ತಂದಿ, ಹಾಲವ್ವ?"

"ಸತ್ತಾವಂತ ಹಳ್ಳದ ದಂಡಿಗೆ ಒಗದ ಹೋಗ್ತಾರ್ರಿ. ಮುಟ್ಟಿ ನೋಡಿದ್ರ ಇನ್ನ ಬೆಚ್ಚಗ ಇರ್ತಾವ." ಬತ್ತಿ ಮತ್ತೆ ಹಾಲಿಗಿಳಿಯಿತು. "ನನ್ನವೂ ಬೆಚ್ಚಗ ಇದ್ದೂರಿ. ಸತ್ತಾವಂತ ಒಯ್ದ್ರು, ಮತ್ತ ಯಾರೂ ನನ್ನ ಕೈಯಾಗ ಕೊಡಲಿಲ್ಲ."

"ಹೆಸರು ಯಾಕ ಅವೇ ಇಟ್ಟಿ?"

"ಸುಮ್ಮನ ಬಿದ್ದಿದ್ದೂರಿ ಹೆಸರು. ಕರಿಯೋರು ಇರಲಿಲ್ಲ."

ಮರಿ ಬತ್ತಿ ಚೀಪಿ ಮುಗಿಸಿತು. ಆಮೇಲೆ ಇಂದ್ರಾಬಾಯಿ ಕೇಳಿದಳು: "ಮನಷ್ಯಾರ ಕೂಸು ಹಿಡೀತೀಯೇನು?"

ಹಾಲವ್ವ ಗೋಡೆಗೆ ಒತ್ತಿಕೊಂಡಳು. "ಬ್ಯಾಡ್ರಿ ಯವ್ವಾ. ನನ್ನ ಕೈ ಚಲೋ ಅಲ್ಲ."

"ನಂದರ ಎಲ್ಲಿ ಚಲೋ ಐತಿ?" ಇಂದ್ರಾಬಾಯಿ ತನ್ನ ಜೋಮು ಹಿಡಿದ ಕೈಯನ್ನು ಆಕೆಯ ಅಂಗೈ ಮೇಲಿಟ್ಟಳು. "ಚಿವುಟಿ ನೋಡು."

ಹಾಲವ್ವ ಚಿವುಟಲಿಲ್ಲ. ಆ ಕೈಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಅಂದಿನಿಂದ ಹಾಲವ್ವ ದಿನವೂ ಇಂದ್ರಾಬಾಯಿಯ ಮನೆಗೆ ಬರತೊಡಗಿದಳು. ಉಗುರು ಕತ್ತರಿಸಿದಳು, ಸಾಬಣ ಹಚ್ಚಿ ಕೈ ತಿಕ್ಕುವುದನ್ನು ಕಲಿತಳು, ತಲೆಗೆ ಎಣ್ಣೆಯೂ ಬಿತ್ತು. ಕೆಲವರು ರವಿವಾರದ ಪ್ರಾರ್ಥನೆಗೆ ಬರುವುದನ್ನೇ ಬಿಟ್ಟರು.

ಹಣಮವ್ವನಿಗೆ ನೋವು ಬಂದ ದಿನ ಮುಂಜಾನೆಯಿಂದ ಮಳೆ ಹಿಡಿದಿತ್ತು. ಹಳ್ಳ ತುಂಬಿ, ದೊಡ್ಡ ದವಾಖಾನೆ ಇರುವ ಜತ್ತಕ್ಕೆ ಹೋಗುವ ಗಾಡಿದಾರಿ ಕಟ್ಟಾಗಿತ್ತು. ಇಂದ್ರಾಬಾಯಿಯ ಹಿಂದೆ ಹಾಲವ್ವ ಬರುವುದನ್ನು ಕಂಡು ಯಮನವ್ವ ಬಾಗಿಲಿಗೆ ಅಡ್ಡ ನಿಂತಳು.

"ಬಾಯಾರ, ನೀವ್ ಬರ್ರಿ. ಮೂರು ನುಂಗಿದಾಕಿ ಅಲ್ಲೇ ನಿಂದರಲಿ."

"ಈಕಿ ನನ್ನ ಬಲಗೈ, ಯಮನವ್ವ. ಬಲಗೈ ಹೊರಗಿಟ್ಟು ನಾ ಒಳಗ ಹ್ಯಾಂಗ ಬರ್ಲಿ?"

"ನಿಮ್ಮ ದೇವರು ನಿಮಗ ಹೇಳ್ಯಾನು. ನನ್ನ ಬೀರದೇವ್ರು ನನಗ ಹೇಳಿಲ್ಲ!"

"ಬೀರದೇವ್ರ ಕುರಿಮರಿ ಹಳ್ಳಕ್ಕ ಒಗದಿದ್ರು, ಈಕಿ ಆರಿಸಿ ಸಾಕ್ಯಾಳ. ಕೇಳ ನಿನ್ನ ಗಂಡನ್ನ."

ಕಟ್ಟೆಯ ಮೇಲೆ ಕೂತಿದ್ದ ಧೂಳಪ್ಪ ತಲೆ ತಗ್ಗಿಸಿದ. ಒಗೆದವನು ಅವನೇ. ಅಷ್ಟರಲ್ಲಿ ಒಳಗಿಂದ ಹಣಮವ್ವನ ಕೂಗು ಬಂತು: "ಯಾರರ ಬರ್ರೇ! ದೆವ್ವ ಇದ್ರೂ ಬರ್ಲಿ!"

ಯಮನವ್ವ ಸರಿದಳು.

ಕೂಸು ಬಂದದ್ದು ಇಳಿಹೊತ್ತಿಗೆ. ಗಂಡು. ಮೈ ನೀಲಿಗಟ್ಟಿತ್ತು, ಸದ್ದಿಲ್ಲ. ಎತ್ತಿಕೊಳ್ಳಲು ಹೋದ ಇಂದ್ರಾಬಾಯಿಯ ಬೆರಳು ಮಡಚಲಿಲ್ಲ. ಯಮನವ್ವ ಎದೆ ಬಡಿದುಕೊಂಡು ಅಳಲು ಶುರುಮಾಡಿದಳು. ಹಾಲವ್ವ ಮೂಲೆಯಲ್ಲಿ ಕಲ್ಲಾಗಿ ನಿಂತಿದ್ದಳು. ಅವಳ ಕಣ್ಣು ಎಲ್ಲೋ ಹಿಂದಿನ, ಬೇರೆ ಯಾವುದೋ ಕೋಣೆಯಲ್ಲಿತ್ತು.

"ಹಾಲವ್ವ," ಇಂದ್ರಾಬಾಯಿ ಮೆಲ್ಲಗೆ ಕರೆದಳು, "ಮುಟ್ಟಿ ನೋಡು. ಇನ್ನ ಬೆಚ್ಚಗೈತಿ."

ಹಾಲವ್ವ ಬಂದಳು. ಇಂದ್ರಾಬಾಯಿ ಹೇಳುತ್ತ ಹೋದಳು, ಆ ಕೈಗಳು ಮಾಡುತ್ತ ಹೋದವು. ಬಾಯೊಳಗಿನ ಲೋಳೆ ತೆಗೆದವು, ಬೆನ್ನು ತಿಕ್ಕಿದವು. ಬಾಯಿಗೆ ಬಾಯಿಟ್ಟು ಉಸಿರು ಊದಿ, ಮತ್ತೆ ತಿಕ್ಕಿ, ನಡುನಡುವೆ ತನಗೇ ಗೊತ್ತಿಲ್ಲದ ಹಾಗೆ ಹಾಲವ್ವ ಆ ಜೋಗುಳ ಗುನುಗತೊಡಗಿದಳು. ಯಮನವ್ವನ ಅಳು ನಿಂತಿತು. ಅಂಗಳದಲ್ಲಿದ್ದ ಹೆಂಗಸರು ಒಬ್ಬರಿಗೊಬ್ಬರು ಅಂಟಿಕೊಂಡರು. ಮಧ್ಯಾಹ್ನಗಳಲ್ಲಿ ಊರೆಲ್ಲ ಕಿವಿ ಮುಚ್ಚಿಕೊಂಡು ದಾಟಿದ್ದ ಹಾಡು ಅದು. ಇಂದು ಆ ಹಾಡಿಗೆ ಒಂದು ಕೂಸು ಓ ಎಂದಿತು. ಮೊದಲು ಒಂದು ಬಿಕ್ಕು, ಆಮೇಲೆ ಮಳೆಯನ್ನೂ ಮೀರುವ ಅಳು.

ಹಾಲವ್ವ ಹೋದ ಮೇಲೆ ಯಮನವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಯಾರ ದೃಷ್ಟಿ ತೆಗೆದಳೋ ಹೇಳಲಿಲ್ಲ. ಮರುದಿನ ಒಂದು ಮೊರ ಜೋಳ ಹೊತ್ತುಕೊಂಡು ಜಾಲಿಗಿಡಗಳ ತನಕ ಹೋಗಿ, ಅಲ್ಲಿಂದ ಕೂಗಿ ಕರೆದು ಕೊಟ್ಟು ಬಂದಳು. ಒಳಗೆ ಹೋಗಲು ಅವಳಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

ಚಳಿಗಾಲಕ್ಕೆ ಕುಣಿಕೋಣೂರಿನಿಂದ ಹೆರಿಗೆಗೆ ಕರೆ ಬಂತು. ಬಂದವನು ಕೇಳಿದ್ದು, "ಹಾಲವ್ವಾರ ಮನಿ ಯಾವದರಿ?" ಎಂದು. ಬಲಗೈ ಪೂರ್ತಿ ಸೋತಿದ್ದ ಇಂದ್ರಾಬಾಯಿ ಎಡಗೈ ಚಾಚಿ ದಾರಿ ತೋರಿಸಿದಳು.

ಮರುದಿನ ನಡುಮಧ್ಯಾಹ್ನ ಆಕೆ ಜಾಲಿಗಿಡಗಳ ದಾರಿಯಲ್ಲೇ ಬರುತ್ತಿದ್ದಳು. ಹಳ್ಳ ಬತ್ತಿತ್ತು, ಆದರೂ ಸುತ್ತುದಾರಿ ಹಿಡಿದಿರಲಿಲ್ಲ. ಕಿರ್... ಕಿರ್... ಹಾಲವ್ವ ಇಷ್ಟು ಲಗೂನ ಬಂದಳೇನು ಎಂದುಕೊಂಡು ಬಾಗಿಲು ದೂಡಿದಳು.

ಒಳಗೆ ಯಾರೂ ಇರಲಿಲ್ಲ. ಒಲೆ ತಣ್ಣಗಿತ್ತು. ಮರಿಗಳು ಬೆಳೆದು ಧೂಳಪ್ಪನ ಹಿಂಡು ಸೇರಿ ತಿಂಗಳಾಗಿತ್ತು. ತೊಟ್ಟಿಲು ಖಾಲಿ. ಅದು ತೂಗುತ್ತಿತ್ತು.

ಗಾಳಿ ಇತ್ತೇ? ಹೊರಗೆ ಜಾಲಿಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಇಂದ್ರಾಬಾಯಿಯ ಕೊರಳ ಹಿಂದೆ ಆ ಹಳೆಯ ಚಳಿ ಹರಿಯಿತು. ಕಾಲು ಓಡು ಎಂದಿತು. ಆಕೆ ಕಣ್ಣು ಮುಚ್ಚಿ ತನ್ನ ಸ್ವಾಮಿಯನ್ನು ನೆನೆದಳು. ಆಮೇಲೆ ತೊಟ್ಟಿಲ ಬದಿಗೆ ಕೂತು, ಏನೂ ತಿಳಿಯದ ತನ್ನ ಬಲಗೈಯನ್ನು ಹಗ್ಗದ ಮೇಲಿಟ್ಟು, ಮೆಲ್ಲಗೆ ತೂಗಿದಳು.

"ಮಲಕೊಳ್ರೋ ನನ್ನಪ್ಪಗಳ್ರಾ," ಎಂದಳು. "ನಿಮ್ಮವ್ವ ಕೂಸು ಹಿಡಿಯಾಕ ಹೋಗ್ಯಾಳ. ಸಂಜಿಗೆ ಬರ್ತಾಳ."