ಬೆಳ್ಳಪ್ಪನ ಪೆಟ್ಟಿಗೆಯಲ್ಲಿ ಹೂವಪ್ಪನ ಹಾಡು

ಯಾರದೋ ಪ್ಲೇಟು, ಬೆಳ್ಳಪ್ಪನ ಜಾತ್ರೆ — ವೇದ ಸುಳ್ಳಾಗಲಿ, ಗಾದೆಯೂ ಸುಳ್ಳಾಗಲಿ, ಈ ಕಥೆ ಮಾತ್ರ ಸುಳ್ಳಲ್ಲ, ಎಂದುಕೊಂಡ ಹೂವಪ್ಪ, ತೀರ್ಥಹಳ್ಳಿಯ ಮದುವೆ ಚಪ್ಪರದ ಕಂಬಕ್ಕೊರಗಿ, ಕಾಫಿ ಲೋಟವೊಂದು ತನ್ನನ್ನು ದಾಟಿ ಬೆಳ್ಳಪ್ಪನ ಕಡೆಗೆ ಹೋಗುವುದನ್ನೇ ನೋಡುತ್ತ, ಬಾಯ್ತನಕ ನೊರೆ, ಮದುವೆ ಅಡುಗೆಯ ವರದಮ್ಮ ಸೆರಗಿನಲ್ಲಿ ಹಿಡಿದು ತರುತ್ತಿದ್ದಾಳೆ, ಹೋದ ವರ್ಷದವರೆಗೂ ಮೈಕಿನವ್ರಿಗೆ ಮೊದಲು ಕೊಡ್ರೇ, ಗಂಡಿನ ಕಡೆಯೋರು ಕಾಯ್ಲಿ ಎನ್ನುತ್ತಿದ್ದವಳು ಇವಳೇ ಅಲ್ಲವೇ, ಮೈಕಿನವರು ಅಂದರೆ ಆಗ ಹೂವಪ್ಪ, ರಿಪ್ಪನ್‌ಪೇಟೆಯಿಂದ ಆಗುಂಬೆಯ ತನಕ ಒಬ್ಬನೇ ಹೂವಪ್ಪ, ತಗಡಿನ ಟ್ರಂಕಿನ ತುಂಬ ಗ್ರಾಮಾಫೋನ್ ಪ್ಲೇಟು, ಒಂದೊಂದಕ್ಕೂ ಹೆಂಡತಿ ದುಗ್ಗಮ್ಮನ ಹಳೇ ಸೀರೆಯ ಸುತ್ತು, ಬಸ್ಸಿನ ಮೇಲೆ ಹಾಕಲು ಬಿಡದೆ ತೊಡೆಯ ಮೇಲೇ ಇಟ್ಟುಕೊಂಡು — ಮಗೂನಾದ್ರೂ ಹಿಂಗೆ ಎತ್ಕೊಂಡಿದ್ರಾ ನೀವು, ಎಂದಿದ್ದಳು ದುಗ್ಗಮ್ಮ, ಮಗು ಬಿದ್ರೆ ಅದೇ ಅಳ್ತದೆ ಮಾರಾಯ್ತಿ, ಪ್ಲೇಟು ಬಿದ್ರೆ ನಾನು ಅಳ್ಬೇಕು. ಬೆಳ್ಳಪ್ಪನಿಗೆ ಟ್ರಂಕಿಲ್ಲ, ಅಳುವಿಲ್ಲ, ಬೊಂಬಾಯಿಯ ಭಾವ ಕೊಟ್ಟ ಟೇಪ್ ರೆಕಾರ್ಡರು, ಅಂಗಿ ಜೇಬಿನಲ್ಲಿ ಕ್ಯಾಸೆಟ್ಟು, ಇಷ್ಟೇ, ಬೀಡಿ ಕಟ್ಟಿನಷ್ಟು ಜಾಗದಲ್ಲಿ ಹೂವಪ್ಪನ ಅರ್ಧ ಆಯುಷ್ಯ. ಟಕ್, ಅಗೋ, ಈಗ ಕೇಳುತ್ತಿರುವ ಹಾಡಿನ ಎರಡನೇ ಚರಣದಲ್ಲಿ ಟಕ್, ಸಾಗರದ ಮದುವೆಯೊಂದರಲ್ಲಿ ಅಕ್ಷತೆ ಕಾಳು ಮುಳ್ಳಿನಡಿ ಸಿಕ್ಕಿ ಆದ ಗೀರು, ನನ್ನ ಪ್ಲೇಟಿನ ಗಾಯ, ಅದನ್ನೂ ಬಿಡದೆ ತುಂಬಿಸಿಕೊಂಡಿದ್ದಾನಲ್ಲ! ಯಾವ ಹಾಡು, ಯಾವ ಕಂಪೆನಿ ಎಂದು ಬೇರೆ ಊರಿನ ಮೈಕ್ ಸೆಟ್ಟಿನವರಿಗೆ ಗೊತ್ತಾಗಬಾರದೆಂದು ಪ್ಲೇಟಿನ ನಡುವಿನ ಚೀಟಿಗಳನ್ನೆಲ್ಲ ಬ್ಲೇಡಿನಲ್ಲಿ ಕೆರೆದು ಹಾಕಿದ್ದೆ, ಕಣ್ಣಿಗೆ ಪರದೆ ಕಟ್ಟಿದೆ, ಕಿವಿಗೆ ಕಟ್ಟಲು ಮರೆತೆ. ಕದ್ದ ಅನ್ನಲಿಕ್ಕೂ ಬರುವುದಿಲ್ಲ, ಟ್ರಂಕಿನಲ್ಲಿ ಒಂದೂ ಕಡಿಮೆಯಾಗಿಲ್ಲ, ಏನಯ್ಯಾ ಕಳೆದದ್ದು ಎಂದು ಪೊಲೀಸಿನವ ಕೇಳಿದರೆ ಏನು ಹೇಳಲಿ, ಎಲ್ಲಾ ಇದೆ ಸ್ವಾಮಿ, ನನ್ನ ಹತ್ರ ಮಾತ್ರ ಇದೆ ಅನ್ನೋದೊಂದು ಕಳೆದುಹೋಗಿದೆ.

ಮೊದಲು ಪ್ಲೇಟು ಬದಲಾಯಿಸುತ್ತಿದ್ದವನು ಹೂವಪ್ಪ, ಈಗ ಪ್ಲೇಟು ಬದಲಾಯಿಸಿದ್ದು ಊರು. ಮೈಕು ಬೆಳ್ಳಪ್ಪಂಗೇ ಹೇಳಿಯಾಯ್ತು ಮಾರಾಯ, ನೀನು ಸುಮ್ನೆ ಬಾ, ಊಟ ಆದ್ಮೇಲೆ ನಾಲ್ಕು ಜನರ ಹಂಗೆ ಮಾತಾಡಿ ನಗಿಸು, ಎಂದಿದ್ದರು ಹುಡುಗಿಯ ಅಪ್ಪ ಸೀತಾರಾಮಪ್ಪ, ಹೌದು, ಅದೊಂದು ಉಳಿದಿದೆ, ಬಾಯಿ, ಸಾಗರದ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಕೊಟ್ಟು ಇಡೀ ಕ್ಲಾಸನ್ನು ಮನೆಗೆ ಕಳಿಸಿದ ಬಾಯಿ, ಅದು ಬೇಕೆಂದರೆ ಹೂವಪ್ಪನನ್ನೇ ಕರೆಯಬೇಕು, ಅದಕ್ಕೆ ಯಾವ ಪೆಟ್ಟಿಗೆಯೂ ಇಲ್ಲ. ಆ ಬಾಯಿಯೇ ನಿನ್ನೆ ಹೊಸನಗರದಲ್ಲಿ, ಇನ್ನೂ ಹೂವಪ್ಪನ ಪ್ಲೇಟನ್ನೇ ಕರೆಸಿದ್ದ ಮದುವೆಯೊಂದರಲ್ಲಿ — ಹೂವಪ್ಪಣ್ಣ, ನಿಮ್ ಪ್ಲೇಟಿನ ಪಕ್ಕ ಈ ಟೇಪೊಂದು ಇಟ್ಟಿರ್ತೀನಿ, ಗೊತ್ತಾಯ್ತಾ, ಊಟ ಮಾಡ್ಕಂಡ್ ಬರ್ತೀನಿ, ಗೊತ್ತಾಯ್ತಾ, ಎಂದು ಮೂಗಿನಲ್ಲೇ ಅಂದು ಬೆಳ್ಳಪ್ಪ ರೆಕಾರ್ಡಿನ ಕೆಂಪು ಗುಂಡಿ ಒತ್ತಿ ಮೊದಲ ಪಂಕ್ತಿಗೇ ಓಡಿದ, ಬೇಡ ಅನ್ನಲಾಗಲಿಲ್ಲ, ಬೇಡ ಅಂದರೆ ಹೊಟ್ಟೆಕಿಚ್ಚು ಅಂತ ಊರಿಗೇ ತಿಳಿಯುತ್ತದಲ್ಲ, ಆದರೆ ಹಾಡು ಮುಗಿದ ಕೂಡಲೆ ಬಗ್ಗಿ, ಪೆಟ್ಟಿಗೆಗೆ ಮೂತಿ ಹಚ್ಚಿ, ಬೆಳ್ಳಪ್ಪನದೇ ದನಿಯಲ್ಲಿ — ಕೇಳಿ ನೋಡಲು ಅವನಿಗೆಲ್ಲಿ ಪುರುಸೊತ್ತು, ಬೆಳಗಾದರೆ ಈ ಮದುವೆ.

ಚರಣ ಮುಗಿಯುತ್ತಿದೆ, ಲೋಟ ಬೆಳ್ಳಪ್ಪನ ತುಟಿಗೆ ತಾಗಿದೆ, ಕುಡಿ ಮಗನೆ, ಕುಡಿ, ಈಗ, ಈಗ — ಹಲಸಿನ ಮರದ ಮೇಲಿನ ಹಾರನ್ ಸ್ಪೀಕರು ಒಂದು ಗಳಿಗೆ ಬುಸುಗುಟ್ಟಿ, ಕೇಳ್ರಪ್ಪಾ, ನಾನು ಬೆಳ್ಳಪ್ಪ, ಗೊತ್ತಾಯ್ತಾ, ಈ ಹಾಡು ನಂದಲ್ಲ, ಹೂವಪ್ಪಣ್ಣಂದು, ಗೊತ್ತಾಯ್ತಾ, ಅವ್ರ ಮನೆ ಉಪ್ಪಿನಕಾಯಿ ನೆಕ್ಕಿ ಭರಣೀನೂ ನಂದೇ ಅನ್ನೋನು ನಾನು, ಗೊತ್ತಾಯ್ತಾ! ಚಪ್ಪರ ಹೋ ಎಂದು ಸಿಡಿಯಿತು, ಪುರೋಹಿತರೂ ಮಂತ್ರ ಬಿಟ್ಟು ನಗುತ್ತಿದ್ದಾರೆ, ಈಗ ಅವನ ಮುಖ ಇಳಿಯಬೇಕು, ಲೋಟ ಜಾರಬೇಕು, ಬೆಳ್ಳಪ್ಪ ಪೆಟ್ಟಿಗೆಯನ್ನು ನೋಡಿದ, ಹೂವಪ್ಪನನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತು ನಕ್ಕ, ಎಲ್ಲರಿಗಿಂತ ಜೋರಾಗಿ, ಅಯ್ಯೋ ಹೂವಪ್ಪಣ್ಣ, ನನಗಿಂತ ನನ್ನಂಗೇ ಇದೆಯಲ್ರೀ ಇದು! ಇನ್ನೊಂದ್ಸಲ ಹಾಕಾ, ಎಂದರು ಸೀತಾರಾಮಪ್ಪ, ಬೆಳ್ಳಪ್ಪನ ಬೆರಳು ಗುಂಡಿ ಒತ್ತಿತು, ಕಿಚಪಿಚ ಎಂದು ಹಿಂದಕ್ಕೆ ಸುತ್ತಿ ಮತ್ತೆ ಗೊತ್ತಾಯ್ತಾ, ಮತ್ತೆ ಹೋ, ಅಡುಗೆ ಮನೆಯೋರು ಕೇಳ್ಲಿಲ್ಲ ಕಣಾ, ಇನ್ನೊಂದ್ಸಲ, ಎಂದಳು ವರದಮ್ಮ, ಬೆರಳು, ಗುಂಡಿ, ನಂಗೊಂದು ಕಾಪಿ ಮಾಡ್ಕೊಡಿ ಮಾರಾಯ್ರೆ, ಎಂದ ಗಂಡಿನ ಕಡೆಯವನೊಬ್ಬ, ಅದಕ್ಕೇನು, ಎಷ್ಟು ಬೇಕಾದ್ರೂ, ಎಂದ ಬೆಳ್ಳಪ್ಪ ಕಣ್ಣೊರೆಸಿಕೊಳ್ಳುತ್ತ, ಹಂಗಾದ್ರೆ ಊಟ ಆದ್ಮೇಲೂ ಇದ್ನೇ ಹಾಕು, ಹೂವಪ್ಪ ಆರಾಮಾಗಿ ಕೂತ್ಕಳ್ಲಿ ಪಾಪ — ಇದು ಸೀತಾರಾಮಪ್ಪ, ಪ್ರೀತಿಯಿಂದಲೇ. ಹೂವಪ್ಪನ ಬಾಯಿ ತೆರೆದಿದೆ, ಒಳಗೆ ಏನೂ ಇಲ್ಲ, ಅವನು ಕಾಪಾಡಿಕೊಂಡ ಕೊನೆಯದನ್ನು ಅವನೇ ಬಗ್ಗಿ, ಮೂತಿ ಹಚ್ಚಿ, ಕೈಯಾರೆ, ಅಲ್ಲ, ಬಾಯಾರೆ ಪೆಟ್ಟಿಗೆಗೆ ತುಂಬಿದ್ದ — ಬೆಳ್ಳಪ್ಪ ನಗುತ್ತಿದ್ದಾನೆ, ಹಿಂದಕ್ಕೆ ಸುತ್ತುತ್ತಿದೆ, ಬೆರಳು, ಗುಂಡಿ, ಬೆಳ್ಳಪ್ಪ ನಗುತ್ತಿದ್ದಾನೆ, ಬೆರಳು, ಗುಂಡಿ, ಬೆಳ್ಳಪ್ಪ ನಗುತ್ತಿದ್ದಾನೆ