ಯಾವ ಕಡೆಯಿಂದ ಎಂದು ಕೇಳುವ ರೋಕ್

ರೋಕ್ ಮಿನೇಜಸರಿಗೆ ಯಾರಾದರೂ ಒಂದು ಸಂಖ್ಯೆ ಹೇಳಿದರೆ ಸಾಕು, "ಯಾವ ಕಡೆಯಿಂದ?" ಎಂದು ಕೇಳುತ್ತಾರೆ. ಮಗಳ ಮದುವೆಗೆ ಕರೆಯಲು ಹೋದವರು ತಾರೀಕು ಐದು-ಆರು ಎಂದರೆ, ಅದು ಮೇ ತಿಂಗಳೋ ಜೂನೋ ಎಂಬುದು ಇತ್ಯರ್ಥವಾಗುವವರೆಗೆ ಚಹಾದ ಲೋಟ ಕೈಗೆ ಬರುವುದಿಲ್ಲ. ಹೊರಗೆ ಬೆಂಕಿ ಸುರಿಯುವಾಗಲೂ ಕುವೈತಿನ ಮಿರ್ಕಾಬಿನಲ್ಲಿರುವ ಕಚೇರಿಯ ಏಸಿಗೆ ಹೆದರಿ ಕಂದು ಸ್ವೆಟರ್ ತೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಲಕ್ಕೆ ಬಿದ್ದ ಗುಂಡುಸೂಜಿ ಹುಡುಕುವವರ ಹಾಗೆ ತಲೆ ತಗ್ಗಿಸಿ ನಡೆಯುವ ಈ ಮನುಷ್ಯನನ್ನು ಕಂಡು ನಾವು ಬೇಕಾದಷ್ಟು ನಕ್ಕಿದ್ದೇವೆ. ಆ ಪ್ರಶ್ನೆಯ ಹಿಂದಿನ ಸಂಕಟ ಗೊತ್ತಾದ ಮೇಲೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ.

ಕಂಪ್ಯೂಟರು ದೊಡ್ಡ ಸಂಖ್ಯೆಯನ್ನು ಬೈಟುಗಳೆಂಬ ತುಂಡುಗಳಾಗಿ ಕಳಿಸುತ್ತದೆ. ಊರಿನ ವಿಳಾಸದಲ್ಲಿ ಮನೆಯ ಹೆಸರು, ಕುವೈತಿನ ವಿಳಾಸದಲ್ಲಿ ಪ್ರದೇಶದ ಹೆಸರು ಮೊದಲು ಬರುವ ಹಾಗೆ, ಕೆಲವು ಯಂತ್ರಗಳು ದೊಡ್ಡ ತುಂಡನ್ನು ಮುಂದಿಟ್ಟರೆ ಕೆಲವು ಚಿಕ್ಕದನ್ನು ಮುಂದಿಡುತ್ತವೆ. ಎರಡೂ ಬಗೆಯಲ್ಲಿ ಸಂಖ್ಯೆಗಳನ್ನು ಕಟ್ಟುವ, ಬಿಚ್ಚುವ ಪುಟ್ಟ ಲೈಬ್ರರಿಯೊಂದನ್ನು ರೋಕ್ ಬರೆದಿದ್ದರು. ಕಚೇರಿಯ ತಂತ್ರಾಂಶಗಳೆಲ್ಲ ಅದನ್ನೇ ನೆಚ್ಚಿದ್ದವು. ಕ್ರಮ ಯಾವುದೆಂದು ಪ್ರತಿ ಸಲವೂ ಹೇಳಲೇಬೇಕೆಂಬುದು ಅದರ ಕಟ್ಟಳೆ. "ಏನ್ ಸಾರ್, ಪ್ರತಿ ಸಲ ಅದನ್ನೇ ಬರೀಬೇಕಾ? ಹೇಳ್ದಿದ್ರೆ ದೊಡ್ಡದೇ ಮೊದ್ಲು ಅಂತ ಇಟ್ಬಿಡಿ" ಎಂದು ಸಹೋದ್ಯೋಗಿ ಧನಂಜಯ್ ಗೋಗರೆದ. ದಾಕ್ಷಿಣ್ಯಕ್ಕೆ ಬಸಿರಾಗುವುದು ಎನ್ನುತ್ತಾರಲ್ಲ, ರೋಕ್ ಹಾಗೆ ಒಪ್ಪಿಬಿಟ್ಟರು.

ಅಲ್ಲಿನ ರಾಯ್ ಪ್ರದೇಶದ ಮೀನಿನ ಕೋಲ್ಡ್ ಸ್ಟೋರೇಜಿಗೆ ಹೊಸ ತಾಪಮಾಪಕ ಕೂರಿಸಿದಾಗ ಧನಂಜಯ್ ಕ್ರಮ ಬರೆಯಲಿಲ್ಲ. ಅದೋ ಚಿಕ್ಕದನ್ನು ಮೊದಲು ಕಳಿಸುವ ಯಂತ್ರ. ಪರೀಕ್ಷೆಯ ದಿನ ಕೋಣೆ ಸರಿಯಾಗಿ ಸೊನ್ನೆ ಡಿಗ್ರಿಯಲ್ಲಿತ್ತು. ಸೊನ್ನೆಯನ್ನು ಎತ್ತಣಿಂದ ಓದಿದರೂ ಸೊನ್ನೆಯೇ. ಪರದೆ ನೋಡಿ ರೋಕ್ ಒಪ್ಪಿಗೆ ಕೊಟ್ಟರು. ಆಮೇಲೊಂದು ದಿನ ಕೋಣೆ ಬಿಸಿಯೇರತೊಡಗಿತು. ಒಂದು ಡಿಗ್ರಿಯ ಎರಡು ತುಂಡುಗಳು ಹಿಂದುಮುಂದಾಗಿ ಇನ್ನೂರೈವತ್ತಾರು ಎಂದು ಓದಿಸಿಕೊಂಡವು. ಅಂಥ ಅಸಂಭವ ಅಂಕಿಗಳನ್ನು ತಂತ್ರಾಂಶ ಕಸವೆಂದು ತಳ್ಳಿ, ಪರದೆಯ ಮೇಲೆ ಹಳೆಯ ಸೊನ್ನೆಯನ್ನೇ ಉಳಿಸಿಕೊಂಡಿತು. ಮೀನೆಲ್ಲ ಕೊಳೆಯಿತು. ಕೋಣೆ ತಣ್ಣಗೇ ಇತ್ತೆಂದು ಪರದೆ ಸಾಕ್ಷಿ ಹೇಳುತ್ತಿರಲು, ಉಸ್ತುವಾರಿಯ ಬೀರಾನ್ ಮೀನನ್ನು ಬಿಸಿಲಲ್ಲಿ ಬಿಟ್ಟಿದ್ದಾನೆಂದು ಅವನ ವೀಸಾಕ್ಕೆ ಹೊಣೆಯಾದ ಮಾಲೀಕ, ಅಂದರೆ ಕಫೀಲ್, ತೀರ್ಮಾನಿಸಿದ.

"ಲಾರಿ ಬಂದ ಕೂಡ್ಲೆ ಒಳಗೆ ಇಟ್ಟಿದ್ದೇನೆ ರೋಕ್ ಸಾರ್. ನೀವೊಂದು ಸಲ ಸರಿಯಾಗಿ ನೋಡಿ" ಎಂದು ಉಳ್ಳಾಲದ ಬೀರಾನ್ ಬೇಡಿಕೊಂಡ.

"ಸ್ಕ್ರೀನಿನಲ್ಲಿ ಸೊನ್ನೆ ಉಂಟಲ್ಲ ಬೀರಾನ್. ಮಿಷನ್ ಯಾಕೆ ಸುಳ್ಳು ಹೇಳ್ತದೆ?" ಎಂದರು ರೋಕ್.

ಬೀರಾನನ ಇಕಾಮಾ ಎಂಬ ವಾಸದ ಪರವಾನಗಿ ರದ್ದಾಗಿ ಅವನು ಊರು ಸೇರಿದ ಮೇಲೆ ಇನ್ನೊಂದು ಲೋಡು ಕೊಳೆಯಿತು. ಆಗಷ್ಟೇ ರೋಕ್ ಕೈಗೆ ತಪ್ಪು ಸಿಕ್ಕಿತು. ಕಫೀಲನ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡರು; ಆತ "ಖಲಾಸ್" ಎಂದು ಕೈ ಝಾಡಿಸಿದ. ಬೀರಾನನ ಕೆಲಸಕ್ಕೆ ಬೇರೊಬ್ಬ ಬಂದಾಗಿತ್ತು. ರೋಕ್ ಫೋನ್ ಮಾಡಿ ತಿಳಿಸಿದಾಗ ಬೀರಾನ್ ಬೈಯಲಿಲ್ಲ. "ನನ್ನ ಮಾತು ಕೇಳ್ಲಿಕ್ಕೆ ಅಲ್ಲಿ ನೀವೊಬ್ರೇ ಇದ್ದದ್ದು ಸಾರ್" ಎಂದಷ್ಟೇ ಹೇಳಿ ಇಟ್ಟ.

ಅಂದೇ ರೋಕ್ ಆ ಸಡಿಲಿಕೆಯನ್ನು ಲೈಬ್ರರಿಯಿಂದ ಕಿತ್ತುಹಾಕಿದರು. ಧನಂಜಯ್ ಎಷ್ಟು ಗೊಣಗಿದರೂ ಈಗ ಕರಗುವುದಿಲ್ಲ. ನಿಷ್ಠುರರೆಂದು ನಾವು ಹೆಸರಿಟ್ಟವರಲ್ಲಿ ಹಲವರು ಹಿಂದೊಮ್ಮೆ ಮೆತ್ತಗಾಗಿ, ಅದರ ದಂಡವನ್ನು ಬೇರೊಬ್ಬ ತೆತ್ತದ್ದನ್ನು ಕಂಡವರೇ ಇರಬೇಕು. ತಿದ್ದಲು ಬರುವುದನ್ನೆಲ್ಲ ರೋಕ್ ತಿದ್ದಿಡುತ್ತಾರೆ. ಯಂತ್ರವನ್ನು ನಂಬಿ, ಎದುರಿಗೆ ನಿಂತ ಮನುಷ್ಯನನ್ನು ನಂಬದೆ ಹೋದ ಆ ಒಂದು ಗಳಿಗೆಯನ್ನು ತಿದ್ದುವ ಉಪಾಯ ಮಾತ್ರ ಅವರ ವಿದ್ಯೆಯಲ್ಲಿಲ್ಲ.